ನೈಫಿನ ರಾತ್ರಿ, ಬೆಳ್ಳಾರೆಯ ಚಹಾ

"ನೈಟ್ ಲೈಫ್ ನೋಡಲಿಕ್ಕೆ ಹೋದದ್ದಾ?" ಎಂದು ಊರಿನವರು ಕಣ್ಣು ಮಿಟುಕಿಸಿ ಕೇಳಿದರು. ಹೌದು, ಅದನ್ನೇ ನೋಡಲಿಕ್ಕೆ ಹೋದದ್ದು. ದುಬೈಯಲ್ಲಿ ಹದಿನೇಳು ವರ್ಷ ದುಡಿದ ನಾವು ಅಲ್ಲಿಯ ರಾತ್ರಿಯನ್ನು ಒಮ್ಮೆಯೂ ನೆಟ್ಟಗೆ ನೋಡಿರಲಿಲ್ಲ. 2023ರ ಡಿಸೆಂಬರಿನಲ್ಲಿ ಆರು ದಿನಗಳಿಗೆಂದು ಮತ್ತೆ ಹೋದೆವು.

ನಾವೆಂದರೆ ನಾಲ್ವರು. ಪುತ್ತೂರಿನ ಇಬ್ಬರು ಬ್ಯಾರಿಗಳು, ಸುಳ್ಯದ ಒಬ್ಬ ಗೌಡ, ಕಡಬದ ರಬ್ಬರ್ ತೋಟದ ಮನೆಯಿಂದ ಬಂದ ಒಬ್ಬ ಕ್ರೈಸ್ತ. ಮನೆಯಲ್ಲಿ ಇಬ್ಬರದು ಬ್ಯಾರಿ ಭಾಷೆ, ಒಬ್ಬನದು ಅರೆಭಾಷೆ, ಇನ್ನೊಬ್ಬನದು ಮಲಯಾಳ. ನಾಲ್ವರೂ ಸೇರಿದರೆ ತುಳು. ಊರಿಗೆ ಕಾಗದ ಬರೆಯುವಾಗ ಕನ್ನಡ. 1991ರಿಂದ 2008ರ ತನಕ ದೇರಾದ ನೈಫ್ ರಸ್ತೆಯ ಹಿಂದಿನ ಗಲ್ಲಿಯೊಂದರಲ್ಲಿ ನಾವು ಒಂದೇ ಕೋಣೆಯಲ್ಲಿದ್ದೆವು. ಒಬ್ಬ ಟೈಲರ್, ಒಬ್ಬ ಗ್ರೋಸರಿ ಅಂಗಡಿಯಲ್ಲಿ, ಒಬ್ಬ ಡ್ರೈವರ್, ಒಬ್ಬ ಎಸಿ ರಿಪೇರಿ.

ಆ ಕೋಣೆಯಲ್ಲಿ ರಾತ್ರಿ ಎಂಬುದು ನಮ್ಮದಾಗಿರಲಿಲ್ಲ. ಬೆಳಿಗ್ಗೆ ನಾಲ್ಕಕ್ಕೆ ಏಳುವ ಡ್ರೈವರಿಗಾಗಿ ಹತ್ತು ಗಂಟೆಗೆ ದೀಪ ಆರಿಸಬೇಕು. ಗ್ರೋಸರಿಯವನು ಹನ್ನೆರಡೂವರೆಗೆ ಬಂದು ಕತ್ತಲಲ್ಲೇ ತಡವುತ್ತಾ ಗಂಜಿ ಉಣ್ಣಬೇಕು. ಶುಕ್ರವಾರ ಒಂದೇ ರಜೆ. ಹಾಗಾಗಿ ಗುರುವಾರದ ರಾತ್ರಿ ಬಟ್ಟೆ ಒಗೆಯುವುದು, ಕೂದಲು ಕತ್ತರಿಸುವುದು, ಊರಿಗೆ ಕಳಿಸುವ ಕ್ಯಾಸೆಟ್ಟಿಗೆ ಮಾತು ತುಂಬುವುದು. ಟೈಲರನಿಗೆ ಬರೆಯುವ ಅಭ್ಯಾಸ ಇರಲಿಲ್ಲ. ಅವನ ಹೆಂಡತಿಗೆ ಹೋದ ಕಾಗದಗಳೆಲ್ಲ ಸುಳ್ಯದ ಗೌಡರ ಮುತ್ತಿನಂಥ ಅಕ್ಷರದವು. ಕಿಟಕಿಯ ಹೊರಗೆ ನಗರ ಹಗಲಿನ ಹಾಗೆ ಹೊಳೆಯುತ್ತಿತ್ತು. ನಮಗೆ ಅದು ನಿದ್ದೆ ಕೆಡಿಸುವ ಬೆಳಕು, ಅಷ್ಟೇ.

ಈ ಸಲ ನಮಗೆ ಕೆಲಸವಿರಲಿಲ್ಲ, ಏಳಬೇಕಾದ ಗಂಟೆಯೂ ಇರಲಿಲ್ಲ. ನಾವು ಬಿಟ್ಟು ಬಂದ ಮರುವರ್ಷ, 2009ರ ಸೆಪ್ಟೆಂಬರಿನಲ್ಲಿ ಶುರುವಾದ ಮೆಟ್ರೋದಲ್ಲಿ ಕುಳಿತೆವು. ಡ್ರೈವರ್ ಇಲ್ಲದ ರೈಲು ನೋಡಿ ನಮ್ಮ ಡ್ರೈವರ್ ಗೆಳೆಯ, "ನಾವು ಸರಿಯಾದ ಸಮಯಕ್ಕೆ ಊರು ಸೇರಿದ್ದೇವೆ ಮಾರಾಯ್ರೇ" ಎಂದರು. ನಾವಿದ್ದಾಗ ಇನ್ನೂ ಕಟ್ಟುತ್ತಲೇ ಇದ್ದ ಗೋಪುರ 2010ರ ಜನವರಿಯಲ್ಲಿ ಬುರ್ಜ್ ಖಲೀಫಾ ಎಂಬ ಹೆಸರಿನಲ್ಲಿ ಉದ್ಘಾಟನೆಯಾಯಿತು. 828 ಮೀಟರ್ ಎತ್ತರ. ಅದರ ಬುಡದಲ್ಲಿ ಸಾವಿರಾರು ಮಂದಿಯ ನಡುವೆ ನಿಂತು ಹಾಡಿಗೆ ಕುಣಿಯುವ ಕಾರಂಜಿ ನೋಡಿದೆವು. ಜುಮೇರಾದಲ್ಲಿ ರಾತ್ರಿ ಈಜುವವರಿಗೆಂದೇ 2023ರಲ್ಲಿ ದೊಡ್ಡ ದೀಪಗಳನ್ನು ಹಾಕಿ ಕೊಟ್ಟ ಕಡಲ ತೀರವಿದೆ. ಅಲ್ಲಿ ಕುಮಾರಧಾರೆಯಲ್ಲಿ ಈಜು ಕಲಿತ ಕಡಬದ ಗೆಳೆಯ ರಾತ್ರಿ ಹನ್ನೊಂದಕ್ಕೆ ನೀರಿಗಿಳಿದ. ಉಳಿದ ಮೂವರು ಪ್ಯಾಂಟ್ ಮಡಚಿ ಮೊಣಕಾಲಿನ ತನಕ ನಿಂತು ಮಕ್ಕಳ ಹಾಗೆ ನಕ್ಕೆವು. ದಾರಿಯಲ್ಲಿ ಬಣ್ಣದ ಬೋರ್ಡು ಹೊತ್ತ ಬಾರುಗಳೂ ಇದ್ದವು. ಅವುಗಳ ಕಡೆ ನಮ್ಮ ಕಾಲು ಹೋಗಲಿಲ್ಲ. ಅದಿಲ್ಲದೆಯೂ ರಾತ್ರಿಗೆ ರುಚಿ ಇದೆ ಎಂಬುದು ನಮಗೆ ಅರವತ್ತರ ಹತ್ತಿರ ಗೊತ್ತಾಯಿತು.

ಆದರೂ ನಮ್ಮ ಮನಸ್ಸು ತುಂಬಿದ್ದು ಹಳೆಯ ದೇರಾದಲ್ಲೇ. ಖಾಡಿಯ ದಡದಲ್ಲಿ ಸರಕಿನ ಹಡಗುಗಳು ಈಗಲೂ ಸಾಲಾಗಿ ನಿಲ್ಲುತ್ತವೆ. ಒಂದು ದಿರ್ಹಮ್ ಕೊಟ್ಟು ಅಬ್ರಾದಲ್ಲಿ ಬುರ್ ದುಬೈಗೆ ದಾಟಿದೆವು, ಮತ್ತೊಂದು ದಿರ್ಹಮ್ ಕೊಟ್ಟು ಮರಳಿದೆವು. ಸುಮ್ಮನೆ, ಗಾಳಿಗಾಗಿ. ಹಿಂದೆ ಇದೇ ದೋಣಿಯಲ್ಲಿ ದಾಟುವಾಗ ಕಣ್ಣು ಗಡಿಯಾರದ ಮೇಲಿರುತ್ತಿತ್ತು.

ನಾಲ್ಕನೆಯ ರಾತ್ರಿ, ಒಂದು ಗಂಟೆಯ ಹೊತ್ತಿಗೆ, ನೈಫಿನ ಒಂದು ಕಫ್ತೇರಿಯಾದ ಹೊರಗೆ ಕುಳಿತು ಪೊರೋಟ ತಿಂದು ಸುಲೈಮಾನಿ ಕುಡಿಯುತ್ತಿದ್ದೆವು. ನಮ್ಮ ತುಳು ಕೇಳಿ ಚಹಾ ಕೊಡುವ ಹುಡುಗ ಹತ್ತಿರ ಬಂದ. ಬೆಳ್ಳಾರೆ ಕಡೆಯವನು. ಇಪ್ಪತ್ತೆರಡೋ ಇಪ್ಪತ್ತಮೂರೋ ಇರಬಹುದು. ಕೆಲಸ ಬಿಡುವುದು ಎಷ್ಟು ಗಂಟೆಗೆ ಎಂದು ಕೇಳಿದೆವು. ಎರಡೂವರೆಗೆ ಎಂದ. ಕೋಣೆಗೆ ಒಬ್ಬನೇ ನಡೆದು ಹೋಗುವುದಾ ಎಂದೆವು. ಅವನು ನಕ್ಕು ಹೇಳಿದ: "ಊರಿನಲ್ಲಿದ್ದಾಗ ಎಂಟು ಗಂಟೆ ಆದರೆ ಉಮ್ಮ ಫೋನಿನ ಮೇಲೆ ಫೋನು. ಇಲ್ಲಿ ಎರಡೂವರೆಗೆ ಒಬ್ಬನೇ ಹೋಗುವುದು ಅಂತ ಗೊತ್ತಿದ್ದರೂ ಅವರಿಗೆ ನಿದ್ದೆ ಬರುತ್ತದೆ."

ಹುಡುಗ ಲೋಟ ಎತ್ತಿಕೊಂಡು ಹೋದ. ನಮ್ಮಲ್ಲಿ ಯಾರೂ ಮಾತಾಡಲಿಲ್ಲ.

2022ರ ಜುಲೈ ನಮ್ಮ ನಾಲ್ವರ ತಲೆಯಲ್ಲೂ ಇತ್ತು. ಆ ತಿಂಗಳ ಕೊನೆಯ ದಿನಗಳಲ್ಲಿ ಬೆಳ್ಳಾರೆಯ ಪರಿಸರದಲ್ಲಿ ಇಬ್ಬರು, ಸುರತ್ಕಲ್ಲಿನಲ್ಲಿ ಒಬ್ಬ, ಹೀಗೆ ಮೂವರು ಯುವಕರು ಕೊಲೆಯಾದರು. ಸತ್ತವರಲ್ಲಿ ಎರಡೂ ಸಮುದಾಯದ ಮಕ್ಕಳಿದ್ದರು. ಪುತ್ತೂರು, ಸುಳ್ಯ, ಕಡಬ ತಾಲೂಕುಗಳಲ್ಲಿ ನಿಷೇಧಾಜ್ಞೆ ಬಂತು. ಆಗಸ್ಟಿನ ಮೊದಲ ದಿನಗಳಲ್ಲಿ ಜಿಲ್ಲೆಯ ಅಂಗಡಿಗಳು ಸಂಜೆ ಆರಕ್ಕೆ ಬಾಗಿಲು ಹಾಕಬೇಕಾಯಿತು. ಗಲ್ಫಿನಿಂದ ಬಂದ ಮೇಲೆ ನಾವು ತಿಂಗಳಿಗೊಮ್ಮೆ ಸೇರಿ ಚಹಾ ಕುಡಿಯುತ್ತಿದ್ದೆವು. ಅದು ಆಗ ನಿಂತದ್ದು ಮತ್ತೆ ಶುರುವಾಗಲೇ ಇಲ್ಲ. ಯಾರೂ ಬೇಡ ಎನ್ನಲಿಲ್ಲ. "ಮುಂದಿನ ತಿಂಗಳು ನೋಡುವಾ" ಎಂದೆವು. ಮುಂದಿನ ತಿಂಗಳೂ ಅದನ್ನೇ ಹೇಳಿದೆವು. ನೋಡಿ, ಆಜ್ಞೆ ಹಿಂತೆಗೆದ ಮೇಲೂ ನಮ್ಮೊಳಗೆ ಆರು ಗಂಟೆಯೇ ಉಳಿಯಿತು.

"ಇಲ್ಲಿ ಶಾಂತಿ ಇರುವುದು ಗಡಿಪಾರಿನ ಹೆದರಿಕೆಯಿಂದ" ಎಂದು ಕಡಬದ ಗೆಳೆಯ ಕೊನೆಗೆ ಬಾಯಿ ಬಿಟ್ಟ. ಸುಳ್ಳಲ್ಲ. ಜಗಳವಾಡಿದರೆ ವೀಸಾ ಹೋಯಿತು. ಈ ನಗರ ನಮಗೆ ಬಂಗಾರ ಕೊಟ್ಟಿತು, ಮನೆ ಕಟ್ಟಿಸಿತು, ಹೆಣ್ಣುಮಕ್ಕಳ ಮದುವೆ ಮಾಡಿಸಿತು. ಆದರೆ ಇರು ಎಂದು ಎಂದೂ ಹೇಳಲಿಲ್ಲ. ಕೆಲಸ ಮುಗಿದ ದಿನ ನಾವು ಪರಕೀಯರು. ಅಂದು ನೈಫಿನ ಗಲ್ಲಿಯಲ್ಲಿ ಪೊಲೀಸರು ತಡೆದರೆ ಲೇಬರ್ ಕಾರ್ಡ್ ಕೇಳುತ್ತಾರೆಂದು ಎದೆ ಹೊಡೆದುಕೊಳ್ಳುತ್ತಿತ್ತು. ಆದರೆ ನಿನ್ನ ಹೆಸರೇನು, ನಿನ್ನ ಜೊತೆಗಿರುವವನ ಹೆಸರೇನು, ಇವನ ಜೊತೆ ನಿನಗೇನು ಕೆಲಸ ಎಂದು ದಾರಿಹೋಕರು ಯಾರೂ ಕೇಳಿದ್ದಿಲ್ಲ.

"ಹೆದರಿಕೆ ಜಗಳ ನಿಲ್ಲಿಸಬಹುದು. ಅನ್ನ ಬಡಿಸುತ್ತದಾ?" ಎಂದರು ಗೌಡರು. ಅವರು ಯಾವ ದಿನವನ್ನು ನೆನೆದರೆಂದು ನಮಗೆಲ್ಲ ತಿಳಿಯಿತು. 1992ರ ಡಿಸೆಂಬರ್ 6ರ ರಾತ್ರಿ. ಕೋಣೆಯಲ್ಲಿ ರೇಡಿಯೋ ಸುದ್ದಿ ಹೇಳುತ್ತಿತ್ತು. ನಾಲ್ವರೂ ನಾಲ್ಕು ಮಂಚಗಳಲ್ಲಿ ಗೋಡೆ ನೋಡುತ್ತಾ ಮಲಗಿದ್ದೆವು. ಅಂದು ಅಡುಗೆಯ ಸರದಿ ಟೈಲರನದು. ಅವನು ಎದ್ದಿರಲಿಲ್ಲ. ಹತ್ತು ಗಂಟೆಗೆ ಗೌಡರು ಎದ್ದು ಅಕ್ಕಿ ತೊಳೆದರು. ಅನ್ನವಾದ ಮೇಲೆ ನಾಲ್ಕು ಬಟ್ಟಲಿಗೆ ಬಡಿಸಿ, ಟೈಲರನ ಭುಜ ಮುಟ್ಟಿ, "ಏಳು, ತಣಿಯುತ್ತದೆ" ಎಂದರು. ಅಷ್ಟೇ ಮಾತು. ಆ ರಾತ್ರಿ ದೀಪ ಹನ್ನೊಂದರ ತನಕ ಉರಿಯಿತು. ಆ ಕೋಣೆಯನ್ನು ಉಳಿಸಿದ್ದು ವೀಸಾ ಅಲ್ಲ.

ಮರುದಿನ ನಮ್ಮ ಹಳೆಯ ಕಟ್ಟಡ ನೋಡಲು ಹೋದೆವು. ಮೆಟ್ಟಿಲಲ್ಲಿ ಚಪ್ಪಲಿಗಳ ರಾಶಿ. ಬಾಗಿಲ ಸಂದಿನಲ್ಲಿ ಕತ್ತಲು. ಒಳಗೆ ಯಾರೋ ಬೆಳಿಗ್ಗೆಯ ಪಾಳಿಯವರು ಮಲಗಿದ್ದರು. ತಟ್ಟಲು ಎತ್ತಿದ ಕೈ ಇಳಿಸಿ, ಹಳೆಯ ಅಭ್ಯಾಸದಂತೆ ಸದ್ದಾಗದ ಹಾಗೆ ಇಳಿದು ಬಂದೆವು. ನಾವು ಆರು ದಿನ ಸವಿದ ಬೆಳಕಿನ ಹಿಂದೆ ಹೀಗೆ ದೀಪ ಆರಿಸಿಕೊಂಡು ಮಲಗಿದವರು ಎಷ್ಟಿದ್ದಾರೋ!

ಊರಿಗೆ ಬಂದ ಮೇಲೆ ಒಂದು ತೀರ್ಮಾನ ಮಾಡಿದೆವು. ತಿಂಗಳಿಗೊಮ್ಮೆ, ಇಶಾ ನಮಾಝ್ ಮುಗಿದ ಮೇಲೆ, ಬೆಳ್ಳಾರೆ ಪೇಟೆಯಲ್ಲಿ ಚಹಾ. ಪುತ್ತೂರು, ಸುಳ್ಯ, ಕಡಬ ಮೂರು ಕಡೆಯವರಿಗೂ ಅದು ನಡುವಿನ ಜಾಗ. ಬೆಳ್ಳಾರೆಯೇ ಯಾಕೆ ಎಂದು ಮನೆಯವರು ಕೇಳಿದರು. ನಾವು ದಾರಿಯ ಲೆಕ್ಕ ಹೇಳಿದೆವು. ಇನ್ನೊಂದು ಕಾರಣ ಅವರಿಗೂ ಗೊತ್ತಿತ್ತು. ಮೊದಲ ದಿನ ನಾಲ್ವರ ಮನೆಯಿಂದಲೂ ಫೋನು ಬಂತು. ಹೋಟೆಲಿನವರು ಮುಚ್ಚುವ ತಯಾರಿಯಲ್ಲಿದ್ದರು. ಪಾತ್ರೆ ತೊಳೆದಾಗಿತ್ತು. ನಮ್ಮನ್ನು ಒಮ್ಮೆ ನೋಡಿ, ಅರ್ಧ ಎಳೆದ ಶಟರನ್ನು ಮತ್ತೆ ಮೇಲಕ್ಕೆತ್ತಿ ಒಲೆ ಹಚ್ಚಿದರು.

ಚಹಾ ನೈಫಿನಷ್ಟು ಚೆನ್ನಾಗಿರಲಿಲ್ಲ. ಒಂಬತ್ತೂವರೆಗೆ ಎದ್ದೆವು. ಮುಂದಿನ ತಿಂಗಳು ಹತ್ತರ ತನಕ ಕುಳಿತೆವು. ಒಂದು ಗಂಟೆಗೆ ಇನ್ನೂ ತುಂಬಾ ದೂರವಿದೆ. ಆದರೆ ಇದು ನಮ್ಮ ಊರು. ಇಲ್ಲಿ ಯಾವ ವೀಸಾವೂ ಮುಗಿಯುವುದಿಲ್ಲ. ಆ ಹುಡುಗ ಒಂದು ದಿನ ಊರಿಗೆ ಬರುತ್ತಾನೆ. ಅವನು ಹೊರಗೆ ಹೋದಾಗ ಅವನ ತಾಯಿಗೆ ಇಲ್ಲಿಯೂ ನಿದ್ದೆ ಬರಬೇಕು.