ಘಟ್ಟದ ಕೆಳಗೊಂದು ಸ್ಯಾಕ್ಸೋಫೋನ್ ಊರು

ಬೆಂಗಳೂರು ಬಿಟ್ಟು ನೆಲಮಂಗಲ ತಲುಪಿದರೆ ಹೆದ್ದಾರಿ ಕವಲಾಗುತ್ತದೆ. ನೇರ ಹೋದರೆ ತುಮಕೂರು. ಎಡಕ್ಕೆ ತಿರುಗಿದರೆ ಕುಣಿಗಲ್, ಹಾಸನ, ಸಕಲೇಶಪುರ. ಶಿರಾಡಿ ಘಾಟಿ ಇಳಿದು, ಉಪ್ಪಿನಂಗಡಿ, ಕಲ್ಲಡ್ಕ ದಾಟಿ, ಮೆಲ್ಕಾರ್ ಬಳಿ ಮುಡಿಪು ರಸ್ತೆಗೆ ಹೊರಳಿದರೆ ಬಂಟ್ವಾಳ ತಾಲ್ಲೂಕಿನ ಸಜಿಪಮೂಡ. ತೆಂಗು, ಕಂಗಿನ ನಡುವಿನ ಈ ಊರು ಕರಾವಳಿಯ ಇತರ ಹಳ್ಳಿಗಳಂತೆಯೇ ಕಾಣುತ್ತದೆ. ಆದರೆ 2008ರಲ್ಲಿ ಅಮೆರಿಕದಲ್ಲಿ ಹೊರಬಂದ ಒಂದು ಜಾಝ್ ಆಲ್ಬಮ್ಮಿನ ಬೇರು ಇಲ್ಲಿದೆ ಎಂದರೆ ನಂಬುತ್ತೀರಾ?

ಸ್ಯಾಕ್ಸೋಫೋನ್ ಚಕ್ರವರ್ತಿ ಎನಿಸಿಕೊಂಡ ಕದ್ರಿ ಗೋಪಾಲನಾಥ್ 1949ರಲ್ಲಿ ಹುಟ್ಟಿದ್ದು ಈ ಊರಲ್ಲಿ. ತಂದೆ ತನಿಯಪ್ಪ ನಾಗಸ್ವರ ವಾದಕರು. ಮಗನೂ ಅದನ್ನೇ ಕಲಿತ. ಆದರೆ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿದ ಮೇಲೆ ಹುಡುಗನ ಮನಸ್ಸು ಅತ್ತ ವಾಲಿತು.

ಕೆಲಸ ಸುಲಭದ್ದಲ್ಲ. ನಾಗಸ್ವರದ ರಂಧ್ರವನ್ನು ಬೆರಳಿನಿಂದಲೇ ಅರೆಬರೆ ಮುಚ್ಚಿ ಸ್ವರವನ್ನು ಜಾರಿಸಬಹುದು. ಸ್ಯಾಕ್ಸೋಫೋನಿನಲ್ಲಿ ಬೆರಳಿಗೂ ರಂಧ್ರಕ್ಕೂ ನಡುವೆ ಕೀಲಿಗಳಿವೆ. ಗಮಕ ಹೊರಡುವುದು ಹೇಗೆ? ಗೋಪಾಲನಾಥ್ ವಾದ್ಯವನ್ನು ತಮಗೆ ಬೇಕಾದಂತೆ ಮಾರ್ಪಡಿಸಿಕೊಂಡರು. ಮಂಗಳೂರಿನಲ್ಲಿ ಎನ್. ಗೋಪಾಲಕೃಷ್ಣ ಅಯ್ಯರ್, ಮದರಾಸಿನಲ್ಲಿ ಟಿ.ವಿ. ಗೋಪಾಲಕೃಷ್ಣನ್ ಅವರ ಬಳಿ ಪಾಠವಾಯಿತು. ವಾದ್ಯ ಕೈವಶವಾಗಲು ಸುಮಾರು 20 ವರ್ಷ ಹಿಡಿಯಿತು. 1980ರಲ್ಲಿ ಮುಂಬೈಯ ಜಾಝ್ ಉತ್ಸವದಲ್ಲಿ ಅಮೆರಿಕದ ಜಾನ್ ಹ್ಯಾಂಡಿ ಜೊತೆ ನುಡಿಸಿದರು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ಕಛೇರಿಯಲ್ಲಿ ಅವರ ವಾದ್ಯ ಮೊಳಗಿತು.

ಇತ್ತ ಅಮೆರಿಕದ ಕೊಲರಾಡೊದಲ್ಲಿ ಕರ್ನಾಟಕ ಮೂಲದ ಭೌತಶಾಸ್ತ್ರ ಪ್ರಾಧ್ಯಾಪಕರೊಬ್ಬರ ಮಗ ಜಾಝ್ ಸ್ಯಾಕ್ಸೋಫೋನ್ ಕಲಿಯುತ್ತಿದ್ದ. 1971ರಲ್ಲಿ ಹುಟ್ಟಿದ ಆತ ರುದ್ರೇಶ್ ಮಹಾಂತಪ್ಪ. ಹೆಸರು ಕೇಳಿದವರೆಲ್ಲ ಅವನಿಗೆ ಭಾರತೀಯ ಸಂಗೀತ ಗೊತ್ತೆಂದೇ ತಿಳಿಯುತ್ತಿದ್ದರು. ನಿಜವಾಗಿ ಅವನಿಗದು ಗೊತ್ತಿರಲಿಲ್ಲ! ಒಮ್ಮೆ ಅಣ್ಣ ತಮಾಷೆಗೆಂದು ಗೋಪಾಲನಾಥರ ಧ್ವನಿಮುದ್ರಣವೊಂದನ್ನು ಕೈಗಿತ್ತ. ತಮಾಷೆ ಅಲ್ಲಿಗೇ ನಿಂತಿತು. ರುದ್ರೇಶ್ ಕರ್ನಾಟಕ ಸಂಗೀತದ ಅಭ್ಯಾಸಕ್ಕೆ ತೊಡಗಿದರು.

ಇಬ್ಬರೂ ಸೇರಿ ಮಾಡಿದ ಆಲ್ಬಮ್ಮೇ ‘ಕಿನ್ಸ್‌ಮೆನ್’, ಅಂದರೆ ಬಂಧುಗಳು. ಪಿಟೀಲಿಗೆ ಎ. ಕನ್ಯಾಕುಮಾರಿ, ಮೃದಂಗಕ್ಕೆ ಪೂವಲೂರ್ ಶ್ರೀಜಿ, ಗಿಟಾರಿಗೆ ಕರಾಚಿಯಲ್ಲಿ ಹುಟ್ಟಿದ ರೆಝ್ ಅಬ್ಬಾಸಿ. ಜೊತೆಗೆ ಬಾಸ್ ಮತ್ತು ಡ್ರಮ್ಸ್. ಜಾಝ್‌ನಲ್ಲಿ ಸ್ವರಮೇಳ ಮತ್ತೆ ಮತ್ತೆ ಬದಲಾಗುತ್ತದೆ; ನಮ್ಮಲ್ಲಿ ಶ್ರುತಿ ಕದಲದೆ ರಾಗ ಬೆಳೆಯುತ್ತದೆ. ಎರಡಕ್ಕೂ ಸಮಾನವಾದುದು ಮನೋಧರ್ಮ. ಬರೆದಿಡದ್ದನ್ನು ಆ ಗಳಿಗೆಯಲ್ಲೇ ಹುಟ್ಟಿಸುವ ಆ ಶಕ್ತಿಯ ನೆಲದ ಮೇಲೆ ಇಬ್ಬರೂ ಭೇಟಿಯಾದರು.

ವಿದೇಶಿ ವಾದ್ಯ ಸಜಿಪದ ಹುಡುಗನದಾಯಿತು. ಹೆಸರಿನಲ್ಲಷ್ಟೇ ಉಳಿದಿದ್ದ ನಾಡು ಕೊಲರಾಡೊದ ಹುಡುಗನದಾಯಿತು. ಎರಡೂ ಪುಕ್ಕಟೆ ಸಿಕ್ಕಿದ್ದಲ್ಲ, ವರ್ಷಗಟ್ಟಲೆ ಕೂತು ಸಾಧಿಸಿದ್ದು.

ಪದ್ಮಶ್ರೀ ಪುರಸ್ಕೃತ ಗೋಪಾಲನಾಥ್ 2019ರ ಅಕ್ಟೋಬರ್ 11ರಂದು ಮಂಗಳೂರಿನಲ್ಲಿ ನಿಧನರಾದರು. ರಜೆಯಲ್ಲಿ ಮಕ್ಕಳೊಂದಿಗೆ ಈ ದಾರಿ ಹಿಡಿದವರು ಕಲ್ಲಡ್ಕದಲ್ಲಿ ಕೆ.ಟಿ. ಚಹಾಕ್ಕೆ ನಿಂತಾಗ ಸಮೀಪದ ಸಜಿಪಮೂಡದ ಈ ಕಥೆ ಹೇಳಬಹುದು. ಮುಂದಿನ ದಾರಿಗೆ ಆ ಆಲ್ಬಮ್ಮಿನ ‘ಕಲ್ಯಾಣಿ’ ಕೇಳಿಸಿದರೆ ಇನ್ನೂ ಒಳ್ಳೆಯದು.