ಪಲ್ಕಿಗುಂಡಿನಿಂದ ಸಿಂಪ್ಯೂಟರಿನವರೆಗೆ

ಕೊಪ್ಪಳಕ್ಕೆ ಬಂದವರು ಗವಿಮಠದಲ್ಲಿ ಅಜ್ಜನ ಗದ್ದುಗೆಗೆ ಕೈಮುಗಿದು, ದಾಸೋಹದಲ್ಲಿ ಉಂಡು ಹೊರಟುಬಿಡುತ್ತಾರೆ. ಅಲ್ಲೇ ಬೆಟ್ಟದ ಬಂಡೆಯ ಮೇಲೆ ಅಶೋಕನ ಶಾಸನವಿದೆ. ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದಿನ ಬ್ರಾಹ್ಮಿ ಅಕ್ಷರ, ಪ್ರಾಕೃತ ಭಾಷೆ. ಅತ್ತ ಪಲ್ಕಿಗುಂಡಿನಲ್ಲಿ ಪಲ್ಲಕ್ಕಿಯ ಮೇಲ್ಛಾವಣಿ ಹೊದಿಸಿದ ಹಾಗೆ ಬಂಡೆಗಳ ಮೇಲೆ ಒಂದು ಚಪ್ಪಡಿ ಕೂತಿದೆ. ಅಲ್ಲಿಯೂ ಅದೇ ಶಾಸನ. ಆದರೆ ಗಾಳಿ ಮಳೆಗೆ ಬಹಳ ಸವೆದಿದೆ. ಎರಡೂ ಬೆಳಕಿಗೆ ಬಂದದ್ದು 1931ರಲ್ಲಿ.

ಗವಿಮಠದ ಬಂಡೆಯ ಹತ್ತಿರ ಕುಷ್ಟಗಿ ಕಡೆಯ ಒಬ್ಬ ಅಜ್ಜಿ ದಣಿವಾರಿಸಿಕೊಳ್ಳುತ್ತ ಕೂತಿದ್ದಳು. “ಯಪ್ಪಾ, ಅದ್ರಾಗ ಏನ್ ಬರದಾರೋ? ಒಂಚೂರು ಓದಿ ಹೇಳು,” ಎಂದಳು. ನನಗೂ ಬ್ರಾಹ್ಮಿ ಬರದು. ಪುಸ್ತಕದಿಂದ ತಿಳಿದದ್ದನ್ನು ಹೇಳಿದೆ: “ಸಣ್ಣವರು ದೊಡ್ಡವರು ಅನ್ನದ ಎಲ್ಲಾರೂ ಪ್ರಯತ್ನ ಮಾಡ್ರಿ ಅಂತ ಅರಸ ಹೇಳ್ಯಾನಬೇ.” ಆಕೆ ತಲೆಯಾಡಿಸಿದಳು: “ಹಂಗಾರ ನಮಗೂ ಹೇಳ್ಯಾನ.”

ಹೌದು, ಹೇಳಿದ್ದಾನೆ. ಕರ್ನೂಲು ಜಿಲ್ಲೆಯ ಎರ್ರಗುಡಿಯ ಶಾಸನದಲ್ಲಂತೂ ಭೇರಿ ಬಾರಿಸಿ ಜನರಿಗೆ ಸಾರಿ ಎಂದು ಅಧಿಕಾರಿಗಳಿಗೆ ಅಪ್ಪಣೆಯೇ ಇದೆ. ಅಕ್ಷರ ಬಾರದವರಿಗೂ ಮಾತು ಮುಟ್ಟಬೇಕು ಎಂಬ ಎಚ್ಚರ ಅಂದೇ ಇತ್ತಲ್ಲ ಎಂದು ಬೆರಗಾಗಿ ನಿಂತವನಿಗೆ ನೆನಪಾದದ್ದು, ನಂಬುತ್ತೀರೋ ಇಲ್ಲವೋ, ಬೆಂಗಳೂರಿನ ಒಂದು ಕಂಪ್ಯೂಟರು.

ಅದರ ಹೆಸರು ಸಿಂಪ್ಯೂಟರ್. 1998ರಲ್ಲಿ ಬೆಂಗಳೂರಿನಲ್ಲಿ ನಡೆದ ಮಾಹಿತಿ ತಂತ್ರಜ್ಞಾನದ ಸಮ್ಮೇಳನವೊಂದರ ಮಾತುಕತೆಯಿಂದ ಹುಟ್ಟಿದ ಕನಸು. ಭಾರತೀಯ ವಿಜ್ಞಾನ ಸಂಸ್ಥೆಯ ಸ್ವಾಮಿ ಮನೋಹರ್, ವಿಜಯ್ ಚಂದ್ರು, ರಮೇಶ್ ಹರಿಹರನ್, ವಿ. ವಿನಯ್, ಅವರ ಜೊತೆಗೆ ಎನ್‌ಕೋರ್ ಸಾಫ್ಟ್‌ವೇರ್‌ನ ವಿನಯ್ ದೇಶಪಾಂಡೆ ಮತ್ತವರ ಗೆಳೆಯರು ಸೇರಿ ಕಟ್ಟಿದರು. ಮೂಲಮಾದರಿ ಹೊರಬಂದದ್ದು 2001ರ ಏಪ್ರಿಲ್ 25ರಂದು. ಅಂಗೈಯಲ್ಲಿ ಹಿಡಿಯುವಷ್ಟು ಗಾತ್ರ, ಕಪ್ಪುಬಿಳುಪಿನ ಪರದೆ, ಕಡ್ಡಿಯಿಂದ ಮುಟ್ಟಿದರೆ ಕೆಲಸ. ಒಳಗೆ 206 ಮೆಗಾಹರ್ಟ್ಸ್‌ನ ಸ್ಟ್ರಾಂಗ್‌ಆರ್ಮ್ ಪ್ರೊಸೆಸರ್, ಉಚಿತ ಲಿನಕ್ಸ್ ತಂತ್ರಾಂಶ. ಕರೆಂಟಿಲ್ಲದ ಊರಿಗೆ ಅಂಗಡಿಯ ಸಣ್ಣ ಸೆಲ್ಲು. ಅಂದುಕೊಂಡ ಬೆಲೆ ಸುಮಾರು 9,000 ರೂಪಾಯಿ.

ಅದೂ ಹೆಚ್ಚೇ. ಯಲಬುರ್ಗಾದ ಒಣಬೇಸಾಯದ ರೈತ ಎಲ್ಲಿಂದ ತರಬೇಕು? ಅದಕ್ಕೇ ಅದರಲ್ಲೊಂದು ಸ್ಮಾರ್ಟ್ ಕಾರ್ಡಿನ ಸೀಳು ಇಟ್ಟರು. ಊರಿಗೆಲ್ಲ ಒಂದೇ ಯಂತ್ರ, ಆಳಿಗೊಂದು ಕಾರ್ಡು. ಕಾರ್ಡು ಹಾಕಿದವರ ಲೆಕ್ಕಪತ್ರ ಅವರಿಗೇ. ಪಡುವಣದವರು ‘ಪರ್ಸನಲ್’ ಎಂದು ಮನೆಗೊಂದು ಪೆಟ್ಟಿಗೆ ಮಾರುತ್ತಿದ್ದಾಗ, ಹಂಚಿಕೊಂಡೂ ಸ್ವಂತವಾಗಿರುವ ದಾರಿಯನ್ನು ಇವರು ಹುಡುಕಿದ್ದರು. ನನ್ನ ಮಟ್ಟಿಗೆ ಆ ಯಂತ್ರದ ಜಾಣತನವೆಲ್ಲ ಆ ಸೀಳಿನಲ್ಲೇ ಇತ್ತು.

ಅದಕ್ಕಿಂತ ಸೋಜಿಗ ಅದರ ದನಿ. ‘ಧ್ವನಿ’ ಎಂಬ ತಂತ್ರಾಂಶ ಕನ್ನಡವನ್ನು, ಹಿಂದಿಯನ್ನು ಓದಿ ಹೇಳುತ್ತಿತ್ತು. ನಮ್ಮಲ್ಲಿ ಹೆಚ್ಚುಕಡಿಮೆ ಬರೆದಂತೆಯೇ ಉಚ್ಚಾರ. ಹಾಗಾಗಿ ಮೊದಲೇ ಮುದ್ರಿಸಿದ ದನಿಯ ತುಣುಕುಗಳನ್ನು ಪೋಣಿಸಿದರೆ ಮಾತಾಗುತ್ತದೆ, ದೊಡ್ಡ ನಿಘಂಟು ಬೇಕಿಲ್ಲ. ಗಂಗಾವತಿಯ ಭತ್ತದ ದರವನ್ನು ಓದುಬಾರದ ರೈತನೂ ಕೇಳಿ ತಿಳಿಯಬಹುದಾದ ಯಂತ್ರ ಅದು. ಆ ಕಾಲಕ್ಕೆ ಕೊಪ್ಪಳ ಜಿಲ್ಲೆಯಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನಕ್ಕೆ ಓದುಬರಹ ಇರಲಿಲ್ಲ ಎಂಬುದನ್ನು ನೆನೆದರೆ, ಆ ದನಿಯ ಬೆಲೆ ತಿಳಿದೀತು.

ನಮ್ಮ ಸರ್ಕಾರ ಭೂಮಿ ದಾಖಲೆಯ ಕೆಲಸಕ್ಕೆ ಅದನ್ನು ಬಳಸಿ ನೋಡಿತು. 2004ರ ಮಾರ್ಚಿನಲ್ಲಿ ಬಿಇಎಲ್ ತಯಾರಿಸಿದ ‘ಅಮಿಡಾ’ ಎಂಬ ಸಿಂಪ್ಯೂಟರ್ ಮಾರುಕಟ್ಟೆಗೆ ಬಂತು. ಕೈ ಅಲುಗಿಸಿದರೆ ಪುಟ ತಿರುಗುವ ಸಂವೇದಕ ಅದರಲ್ಲಿತ್ತು; ಐಫೋನ್ ಬರಲು ಇನ್ನೂ ಮೂರು ವರ್ಷ. ಆದರೂ ಐವತ್ತು ಸಾವಿರ ಮಾರುವ ಗುರಿಯಿಟ್ಟವರು 2005ರ ವೇಳೆಗೆ ಮಾರಿದ್ದು ನಾಲ್ಕು ಸಾವಿರದ ಆಸುಪಾಸು. ಅಷ್ಟರಲ್ಲಿ ಅಗ್ಗದ ಮೊಬೈಲು ಊರೂರು ಹೊಕ್ಕಿತ್ತು. ಸೋತಿತು ಅನ್ನುವವರು ಅನ್ನಲಿ. ಕೇಳಬೇಕಾದ ಪ್ರಶ್ನೆಯನ್ನು ಅದು ಸರಿಯಾಗಿಯೇ ಕೇಳಿತ್ತು.

ಓದುಗರಲ್ಲಿ ಒಂದು ಬಿನ್ನಹ. ನಿಮ್ಮ ಕಚೇರಿಯ ಹಳೆ ಬೀರುವಿನಲ್ಲೋ ಅಟ್ಟದ ಮೇಲೋ ಒಂದು ಸಿಂಪ್ಯೂಟರ್ ಉಳಿದಿದ್ದರೆ ಗುಜರಿಗೆ ಹಾಕಬೇಡಿ. ಯಾವುದಾದರೂ ಶಾಲೆಗೋ ವಸ್ತುಸಂಗ್ರಹಾಲಯಕ್ಕೋ ಕೊಡಿ.