ಗಾಯಾಳು ಆಟಗಾರನೂ ಒಪ್ಪಂದದ ಧರ್ಮವೂ

ಯಾದಗಿರಿ ಜಿಲ್ಲೆಯ ಬಳಿಚಕ್ರ, ಶಹಾಪುರ, ಸುರಪುರಗಳ ಸೀಮೆಯಲ್ಲಿ ಕಾರಹುಣ್ಣಿಮೆ ಬಂದು ಮುಂಗಾರಿನ ಬಿತ್ತನೆ ಸಮೀಪಿಸುತ್ತಿದ್ದಂತೆ ಎತ್ತಿನ ಬೇಸಾಯವನ್ನು ಇನ್ನೂ ಬಿಡದ ಒಕ್ಕಲು ಮನೆಗಳಲ್ಲಿ ಒಂದು ಹಳೆಯ ಪ್ರಶ್ನೆ ತಲೆಯೆತ್ತುತ್ತದೆ. ಹೋದ ವರ್ಷ ಕಾಲು ಉಳುಕಿಸಿಕೊಂಡಿದ್ದ ಎತ್ತನ್ನು ಈ ವರ್ಷವೂ ನೊಗಕ್ಕೆ ಹೂಡಬಹುದೇ ಅಥವಾ ಸಂತೆಯಿಂದ ಬೇರೊಂದನ್ನು ತರಬೇಕೇ ಎಂಬುದೇ ಆ ಪ್ರಶ್ನೆ. ಎತ್ತು ಬಲವುಳ್ಳದ್ದು, ಹೊಲದ ಸಾಲು ಬಲ್ಲದ್ದು, ಜೋಡಿಗೆ ಒಗ್ಗಿದ್ದು. ಆದರೆ ಬಿತ್ತನೆಯ ನಡುವೆ ಕುಂಟಿದರೆ ಹದ ತಪ್ಪುತ್ತದೆ. ಹದ ತಪ್ಪಿದರೆ ವರ್ಷದ ಫಲವೇ ತಪ್ಪುತ್ತದೆ. ಅನುಭವಿಯಾದ ರೈತನು ಆಗ ಎತ್ತಿನ ಹಲ್ಲನ್ನಷ್ಟೇ ನೋಡುವುದಿಲ್ಲ. ತನ್ನ ಹೊಲ ಎಷ್ಟು, ದಿನಕ್ಕೆ ಎಷ್ಟು ಎಕರೆ ಹೂಡಬೇಕು, ನಡುವೆ ಎಷ್ಟು ವಿಶ್ರಾಂತಿ ಕೊಡಬಲ್ಲೆ ಎಂಬುದನ್ನೂ ಲೆಕ್ಕ ಹಾಕುತ್ತಾನೆ. ಆ ಲೆಕ್ಕದಲ್ಲಿ ಎತ್ತಿನ ಯೋಗ್ಯತೆಯ ಜೊತೆಗೆ ಒಡೆಯನ ಯೋಗ್ಯತೆಯೂ ಅಳತೆಗೆ ಬರುತ್ತದೆ.

ಇದೇ ಪ್ರಶ್ನೆ ಇಂದು ಕೋಟಿಗಟ್ಟಲೆ ರೂಪಾಯಿಗಳ ಮಾತಾಗಿ ಕ್ರೀಡಾಲೋಕದಲ್ಲಿ ಮತ್ತೆ ಮತ್ತೆ ಕೇಳಿಬರುತ್ತಿದೆ. ಅಮೆರಿಕದ ಫುಟ್‌ಬಾಲಿನಲ್ಲಿ ಚೆಂಡನ್ನು ಎಸೆದು ಇಡೀ ಆಕ್ರಮಣವನ್ನು ನಡೆಸುವ ಕ್ವಾರ್ಟರ್‌ಬ್ಯಾಕ್ ಎಂಬ ಆಟಗಾರನು ಪದೇ ಪದೇ ಗಾಯಗೊಂಡರೆ ಅವನೊಡನೆ ಒಪ್ಪಂದವನ್ನು ನವೀಕರಿಸಬೇಕೇ ಬಿಡಬೇಕೇ ಎಂದು ಅಲ್ಲಿನ ತಂಡಗಳು ಚಿಂತಿಸುತ್ತವೆ. ನಮ್ಮ ನಾಡಿನಲ್ಲಿ ಆ ಸ್ಥಾನ ಕ್ರಿಕೆಟಿನ ವೇಗದ ಬೌಲರನದು. ಆಟಗಾರನು ವಸ್ತುವಲ್ಲ, ಜೀವ. ಆದರೂ ಹರಾಜಿನ ಸಭಾಂಗಣದಲ್ಲಿ ಅವನಿಗೆ ಬೆಲೆ ಕಟ್ಟಲಾಗುತ್ತದೆ. ಈ ವ್ಯವಹಾರದಲ್ಲಿ ಧರ್ಮಕ್ಕೆ ಎಡೆಯಿದೆಯೇ ಎಂಬುದು ವಿಚಾರಣೀಯ ವಿಷಯವಾಗಿದೆ.

ಬೆಂಗಳೂರಿನ ತಂಡದ ಉದಾಹರಣೆಯನ್ನೇ ನೋಡಬಹುದು. ಆಸ್ಟ್ರೇಲಿಯದ ವೇಗದ ಬೌಲರ್ ಜೋಶ್ ಹೇಜಲ್‌ವುಡ್ ಅವರನ್ನು ರಾಯಲ್ ಚಾಲೆಂಜರ್ಸ್ ತಂಡವು 2022ರ ಹರಾಜಿನಲ್ಲಿ 7.75 ಕೋಟಿ ರೂಪಾಯಿಗೆ ಪಡೆಯಿತು. ಆ ವರ್ಷ ಅವರು 12 ಪಂದ್ಯಗಳಲ್ಲಿ 20 ವಿಕೆಟ್ ಗಳಿಸಿದರು. ಮರುವರ್ಷ ಹಿಮ್ಮಡಿಯ ಸ್ನಾಯುರಜ್ಜುವಿನ ನೋವಿನಿಂದಾಗಿ ತಡವಾಗಿ ಬಂದು 3 ಪಂದ್ಯಗಳನ್ನು ಮಾತ್ರ ಆಡಿದರು. 2023ರ ನವೆಂಬರಿನಲ್ಲಿ ತಂಡ ಅವರನ್ನು ಬಿಟ್ಟುಕೊಟ್ಟಿತು. ಒಂದು ವರ್ಷ ಕಳೆದ ಮೇಲೆ, 2024ರ ನವೆಂಬರಿನಲ್ಲಿ ಜೆಡ್ಡಾದಲ್ಲಿ ನಡೆದ ಹರಾಜಿನಲ್ಲಿ, ಅದೇ ತಂಡ ಅದೇ ಬೌಲರನಿಗೆ 12.5 ಕೋಟಿ ರೂಪಾಯಿ ತೆತ್ತು ಮರಳಿ ಕರೆತಂದಿತು. ಕೈಬಿಟ್ಟಾಗ ಇದ್ದದ್ದಕ್ಕಿಂತ ಆಟಗಾರನ ವಯಸ್ಸು ಒಂದು ವರ್ಷ ಹೆಚ್ಚಿತ್ತು. ಬೆಲೆ ಸುಮಾರು ಐದು ಕೋಟಿ ಏರಿತ್ತು. ಹರಾಜು ಮುಗಿದ ಬಳಿಕ ಭಾರತದ ವಿರುದ್ಧದ ಟೆಸ್ಟ್ ಸರಣಿಯಲ್ಲಿ ಅವರಿಗೆ ಮೊದಲು ಪಕ್ಕೆಯ ಸ್ನಾಯು, ಅನಂತರ ಮೀನಖಂಡ ಕೈಕೊಟ್ಟವು. 2025ರ ಚಾಂಪಿಯನ್ಸ್ ಟ್ರೋಫಿಯಲ್ಲಿಯೂ ಅವರು ಆಡಲಾಗಲಿಲ್ಲ. ತಂಡ ಹಣವನ್ನು ನೀರಿಗೆ ಹಾಕಿತೆಂದು ಆಗ ಯಾರಾದರೂ ಅಂದಿದ್ದರೆ ಅದನ್ನು ಸುಲಭವಾಗಿ ಅಲ್ಲಗಳೆಯುವಂತಿರಲಿಲ್ಲ.

ಮುಂದೆ ನಡೆದದ್ದು ಕನ್ನಡಿಗರಿಗೆಲ್ಲ ತಿಳಿದಿದೆ. 2025ರ ಪಂದ್ಯಾವಳಿಯಲ್ಲಿ ಹೇಜಲ್‌ವುಡ್ 12 ಪಂದ್ಯಗಳಿಂದ 22 ವಿಕೆಟ್ ಪಡೆದರು. ನಡುವೆ ಭುಜದ ನೋವು ಕಾಣಿಸಿದಾಗ ಲೀಗ್ ಹಂತದ ಕೊನೆಯ ಪಂದ್ಯಗಳನ್ನು ತಂಡ ಅವರಿಲ್ಲದೆಯೇ ಆಡಿತು. ಚೇತರಿಸಿಕೊಂಡ ಅವರು ಮೇ 29ರಂದು ಮೊದಲ ಕ್ವಾಲಿಫೈಯರ್ ಪಂದ್ಯಕ್ಕೆ ಮರಳಿ 3 ವಿಕೆಟ್ ಕಿತ್ತರು; ಪಂಜಾಬ್ ತಂಡ 101 ರನ್ನುಗಳಿಗೆ ಕುಸಿಯಿತು. ಜೂನ್ 3ರಂದು ಅಹಮದಾಬಾದಿನಲ್ಲಿ ಬೆಂಗಳೂರು 6 ರನ್ನುಗಳಿಂದ ಗೆದ್ದು, 2008ರಿಂದ ಕಾದಿದ್ದ ಪ್ರಶಸ್ತಿಯನ್ನು ಮೊದಲ ಬಾರಿಗೆ ಪಡೆಯಿತು. ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ನಡೆದ ನೂಕುನುಗ್ಗಲಿನಲ್ಲಿ 11 ಜನ ಪ್ರಾಣ ಕಳೆದುಕೊಂಡರು. ಆ ಕಾರಣದಿಂದ ಈ ಗೆಲುವನ್ನು ನೆನೆಯುವಾಗ ಯಾರ ಮನಸ್ಸೂ ಪೂರ್ಣವಾಗಿ ಹಿಗ್ಗಲಾರದು.

ಪ್ರಶಸ್ತಿ ಬಂತು, ಆದ್ದರಿಂದ ಮರುಒಪ್ಪಂದ ಸರಿ ಎಂದು ತೀರ್ಮಾನಿಸುವುದು ಸುಲಭ. ಆದರೆ ಫಲವನ್ನು ನೋಡಿ ಕರ್ಮವನ್ನು ಅಳೆಯುವ ಈ ರೀತಿ ದೋಷಯುಕ್ತವಾದುದು. ಭುಜದ ನೋವು ಇನ್ನೆರಡು ವಾರ ಮುಂದುವರಿದಿದ್ದರೆ ಅದೇ ನಿರ್ಧಾರವನ್ನು ಜನ ಅವಿವೇಕವೆಂದು ಕರೆಯುತ್ತಿದ್ದರು. ನಿರ್ಧಾರ ಅದೇ, ಆಟಗಾರ ಅದೇ. ಬದಲಾಗುತ್ತಿದ್ದದ್ದು ದೈವಯೋಗ ಮಾತ್ರ.

ಇದರ ಇನ್ನೊಂದು ಮುಖವನ್ನು ಬೆಂಗಳೂರಿನವರೇ ಆದ ಪ್ರಸಿದ್ಧ ಕೃಷ್ಣ ಅವರ ವೃತ್ತಾಂತದಲ್ಲಿ ಕಾಣಬಹುದು. ರಾಜಸ್ಥಾನ ತಂಡ 2022ರಲ್ಲಿ ಅವರಿಗೆ 10 ಕೋಟಿ ರೂಪಾಯಿ ಕೊಟ್ಟಿತು. ಆ ವರ್ಷ ಅವರು 19 ವಿಕೆಟ್ ಪಡೆದರು. ಬಳಿಕ ಸೊಂಟದ ಬೆನ್ನುಮೂಳೆಯಲ್ಲಿ ಒತ್ತಡದ ಬಿರುಕು ಕಾಣಿಸಿ 2023ರ ಪಂದ್ಯಾವಳಿ ಪೂರ್ತಿ ತಪ್ಪಿತು. ಚೇತರಿಸಿಕೊಂಡು ಭಾರತದ ಪರವಾಗಿ ಆಡಿದ ಮೇಲೆ, 2024ರ ಆರಂಭದಲ್ಲಿ ರಣಜಿ ಪಂದ್ಯದಲ್ಲಿ ತೊಡೆಯ ಸ್ನಾಯುರಜ್ಜುವಿಗೆ ಪೆಟ್ಟಾಗಿ ಶಸ್ತ್ರಚಿಕಿತ್ಸೆಗೆ ಒಳಗಾದರು. ಆ ವರ್ಷವೂ ಹೋಯಿತು. ಎರಡು ವರ್ಷ ಆಡದೆ ಇದ್ದವರನ್ನು ರಾಜಸ್ಥಾನ ತಂಡ ಕೊನೆಗೆ ಬಿಟ್ಟಿತು. ಗುಜರಾತ್ ತಂಡ 9.5 ಕೋಟಿಗೆ ಕೊಂಡಿತು. 2025ರಲ್ಲಿ ಅವರು 25 ವಿಕೆಟ್ ಗಳಿಸಿ ಪಂದ್ಯಾವಳಿಯಲ್ಲಿ ಅತಿ ಹೆಚ್ಚು ವಿಕೆಟ್ ಪಡೆದವರಿಗೆ ಸಲ್ಲುವ ನೇರಳೆ ಟೋಪಿಯನ್ನು ಧರಿಸಿದರು. ರಾಜಸ್ಥಾನ ತಂಡವನ್ನು ಇಲ್ಲಿ ನಿಂದಿಸಲಾಗದು. ಮೊದಲ ಗಾಯದ ಬಳಿಕ ಅವರು ಆಟಗಾರನನ್ನು ಕೈಬಿಡದೆ ಒಂದು ವರ್ಷ ಕಾದಿದ್ದರು. ಕಾದವರಿಗೆ ಫಲ ಸಿಗಲಿಲ್ಲ, ಅನಂತರ ಬಂದವರಿಗೆ ಸಿಕ್ಕಿತು. ಲೋಕದಲ್ಲಿ ಹೀಗೂ ಆಗುತ್ತದೆ.

ಗಾಯವೆಂಬುದು ಏಕೆ ಮರುಕಳಿಸುತ್ತದೆ ಎಂಬುದನ್ನು ತಿಳಿಯದೆ ಈ ಪ್ರಶ್ನೆಯನ್ನು ಬಿಡಿಸಲಾಗದು. ವೇಗದ ಬೌಲರನು ಓಡಿಬಂದು ಮುಂಗಾಲನ್ನು ಊರುವ ಕ್ಷಣದಲ್ಲಿ ಅವನ ದೇಹದ ತೂಕದ ಹಲವು ಪಟ್ಟು ಭಾರ ಆ ಒಂದು ಕಾಲಿನ ಮೇಲೆ ಬೀಳುತ್ತದೆ. ಅದೇ ಕ್ಷಣದಲ್ಲಿ ಬೆನ್ನು ಪಕ್ಕಕ್ಕೆ ಬಾಗಿ ತಿರುಚಿಕೊಳ್ಳುತ್ತದೆ. ಒಂದು ಎಸೆತದಿಂದ ಏನೂ ಆಗದು. ಸಾವಿರ ಎಸೆತಗಳಲ್ಲಿ ಕೂದಲೆಳೆಯಂಥ ಬಿರುಕು ಮೂಡುತ್ತದೆ. ಆರಂಭದಲ್ಲಿ ಅದು ಸಾಮಾನ್ಯ ಎಕ್ಸ್-ರೇಗೆ ಕಾಣದೆಯೂ ಇರಬಹುದು. ಮೂಳೆ ತನ್ನನ್ನು ತಾನೇ ಕೂಡಿಸಿಕೊಳ್ಳಬಲ್ಲದು, ಆದರೆ ಅದಕ್ಕೆ ತಿಂಗಳುಗಳ ವಿಶ್ರಾಂತಿ ಬೇಕು. ಸ್ನಾಯುರಜ್ಜುವಿಗೆ ರಕ್ತಸಂಚಾರ ಕಡಿಮೆಯಾದುದರಿಂದ ಅದು ಇನ್ನೂ ನಿಧಾನವಾಗಿ ಮಾಗುತ್ತದೆ. ದೀರ್ಘ ವಿಶ್ರಾಂತಿಯ ಬಳಿಕ ಒಮ್ಮೆಲೇ ಹೆಚ್ಚು ಓವರುಗಳನ್ನು ಎಸೆಯುವುದೂ ಅಪಾಯಕರ. ಆದುದರಿಂದಲೇ ಚೇತರಿಸಿಕೊಂಡ ಬೌಲರನಿಗೆ ವಾರಕ್ಕೆ ಇಷ್ಟೇ ಎಸೆತ ಎಂದು ಎಣಿಸಿ ಕೊಡುವ ಪದ್ಧತಿ ಬಂದಿದೆ. ‘ಇವನು ಗಾಯಗೊಳ್ಳುವ ಸ್ವಭಾವದವನು’ ಎಂಬ ಮಾತು ಎಷ್ಟೋ ವೇಳೆ ಅರ್ಧ ಸತ್ಯವಾಗಿರುತ್ತದೆ. ಉಳಿದರ್ಧವು ಅವನಿಂದ ಎಷ್ಟು ದುಡಿಸಿದರು, ಎಷ್ಟು ಬೇಗ ಮರಳಿ ಕರೆದರು ಎಂಬುದರಲ್ಲಿ ಅಡಗಿರುತ್ತದೆ.

ತಂಡದ ಪಕ್ಷದಲ್ಲಿಯೂ ನ್ಯಾಯವಿದೆ. ತಂಡದ ಹಣಕ್ಕೆ ಮಿತಿಯುಂಟು. ಒಬ್ಬನಿಗೆ 12 ಕೋಟಿ ಕೊಟ್ಟರೆ ಆ ಹಣ ಬೇರೆ ಇಬ್ಬರು ಮೂವರಿಗೆ ಸಲ್ಲದೆ ಹೋಗುತ್ತದೆ. ಆಡಲಾಗದವನ ಸ್ಥಾನವನ್ನು ಕಾದಿರಿಸಿ ಆಡಬಲ್ಲ ಯುವಕನನ್ನು ಹೊರಗೆ ನಿಲ್ಲಿಸುವುದೂ ಒಂದು ಅನ್ಯಾಯವೇ. ಅನುಕಂಪವು ಒಬ್ಬನ ಕಡೆಗೆ ಮಾತ್ರ ಹರಿದರೆ ಅದು ಪಕ್ಷಪಾತವಾಗುತ್ತದೆ. ಆಟಗಾರನ ಪಕ್ಷದಲ್ಲಿಯೂ ನ್ಯಾಯವಿದೆ. ಅವನು ಗಾಯಗೊಂಡದ್ದು ಸೋಮಾರಿತನದಿಂದಲ್ಲ, ಯಾರಿಗಾಗಿ ದುಡಿದನೋ ಅವರ ಕೆಲಸದಲ್ಲಿಯೇ. ಒಂದು ವಸ್ತುವನ್ನು ಅನೇಕ ಬದಿಗಳಿಂದ ನೋಡಬೇಕೆಂಬ ಅನೇಕಾಂತದ ಪಾಠವನ್ನು ಬಲ್ಲ ಓದುಗರಿಗೆ ಇದು ಹೊಸ ಮಾತಲ್ಲ. ಆದರೆ ಎರಡೂ ಕಡೆ ಸತ್ಯವಿದೆ ಎಂದು ಹೇಳಿ ಸುಮ್ಮನಾಗುವುದು ಹೊಣೆಗಾರಿಕೆಯಿಂದ ಜಾರಿಕೊಂಡಂತೆ. ಕೊನೆಗೆ ಒಪ್ಪಂದಕ್ಕೆ ರುಜು ಹಾಕಬೇಕು, ಇಲ್ಲವೇ ಹಾಕಬಾರದು.

ನಿರ್ಣಯದ ಸೂತ್ರ ರೈತನ ಲೆಕ್ಕದಲ್ಲಿಯೇ ಇದೆ. ಗಾಯಾಳುವನ್ನು ಮರಳಿ ತೆಗೆದುಕೊಳ್ಳುವವನು ಅವನ ಕೌಶಲವನ್ನು ಕೊಳ್ಳುವಾಗಲೇ ಅವನ ವಿಶ್ರಾಂತಿಯನ್ನೂ ಕೊಂಡಿರಬೇಕು. ಇಂತಿಷ್ಟು ಪಂದ್ಯಗಳಲ್ಲಿ ಇವನು ಇರುವುದಿಲ್ಲ ಎಂಬುದನ್ನು ಬೆಲೆಯಲ್ಲಿಯೇ ಸೇರಿಸಿ, ಆ ದಿನಗಳಿಗೆ ಬೇರೊಬ್ಬನನ್ನು ಸಿದ್ಧಪಡಿಸಿದ ತಂಡಕ್ಕೆ ಮರುಒಪ್ಪಂದ ಮಾಡುವ ಅಧಿಕಾರವಿದೆ. ‘ಇಷ್ಟು ಕೊಟ್ಟಿದ್ದೇವೆ, ಆಡಲೇಬೇಕು’ ಎನ್ನುವ ತಂಡಕ್ಕೆ ಆ ಅಧಿಕಾರವಿಲ್ಲ. ಅಂಥವರು ಬಿಟ್ಟುಕೊಡುವುದೇ ದಯೆ. 2025ರಲ್ಲಿ ಬೆಂಗಳೂರು ತಂಡ ಮೆಚ್ಚತಕ್ಕ ಕೆಲಸ ಮಾಡಿದ್ದು ಹರಾಜಿನಲ್ಲಿ ಕೈಯೆತ್ತಿದಾಗಲ್ಲ, ಲೀಗಿನ ಕೊನೆಯ ಪಂದ್ಯಗಳನ್ನು ಅವರಿಲ್ಲದೆ ಆಡಿದಾಗ. ಆ ಪ್ರಶ್ನೆ ಅಲ್ಲಿಗೆ ಮುಗಿಯಲೂ ಇಲ್ಲ. 2025ರ ನವೆಂಬರಿನಲ್ಲಿ ತಂಡ ಅವರನ್ನು ಮುಂದಿನ ವರ್ಷಕ್ಕೂ ಉಳಿಸಿಕೊಂಡಿತು. ಅದೇ ದಿನಗಳಲ್ಲಿ ತೊಡೆಯ ಸ್ನಾಯು, ಅನಂತರ ಹಿಮ್ಮಡಿ ನೊಂದು ಅವರು ಆಶಸ್ ಸರಣಿಯಿಂದ ದೂರ ಉಳಿಯಬೇಕಾಯಿತು. ಗಾಯಾಳುವಿನೊಡನೆ ಒಪ್ಪಂದ ಮಾಡಿಕೊಂಡವರು ಪ್ರತಿವರ್ಷವೂ ಅದೇ ಪರೀಕ್ಷೆಗೆ ಕೂರಬೇಕು.

ಹಿಂದಿನ ತಲೆಮಾರಿನ ಎರಡು ನೆನಪುಗಳು ಇಲ್ಲಿ ಪ್ರಸ್ತುತವಾಗಿವೆ. 1997ರಲ್ಲಿ ಜಾವಗಲ್ ಶ್ರೀನಾಥರ ಭುಜ ನೊಂದಾಗ ಅವರು ವೆಸ್ಟ್ ಇಂಡೀಸ್ ಪ್ರವಾಸವನ್ನೇ ಬಿಡಬೇಕಾಯಿತು. ಬೌಲರನಿಗೆ ಭುಜ ಹೋದರೆ ಬದುಕೇ ಹೋದಂತೆ. ಅವರು ಚಿಕಿತ್ಸೆ ಪಡೆದು ಮರಳಿದರು, 2003ರ ವಿಶ್ವಕಪ್ಪಿನ ಅಂತಿಮ ಪಂದ್ಯದವರೆಗೂ ಆಡಿದರು, ಟೆಸ್ಟಿನಲ್ಲಿ 236 ವಿಕೆಟ್ ಗಳಿಸಿದರು. ಅವರಿಗಾಗಿ ಕಾದದ್ದು ನಾಡಿಗೆ ನಷ್ಟವಾಗಲಿಲ್ಲ. ಇನ್ನೊಂದು, 2002ರಲ್ಲಿ ಆಂಟಿಗಾದಲ್ಲಿ ಅನಿಲ್ ಕುಂಬ್ಳೆಯವರು ಮುರಿದ ದವಡೆಗೆ ಪಟ್ಟಿ ಕಟ್ಟಿಕೊಂಡು 14 ಓವರ್ ಎಸೆದು ಬ್ರಯಾನ್ ಲಾರಾ ಅವರನ್ನು ಔಟು ಮಾಡಿದ ಪ್ರಸಂಗ. ಆ ಧೈರ್ಯಕ್ಕೆ ತಲೆಬಾಗದವರಿಲ್ಲ. ಆದರೆ ಒಬ್ಬನು ತಾನಾಗಿ ಮೆರೆದ ಸಹನೆಯನ್ನು ಎಲ್ಲರಿಂದ ವಸೂಲು ಮಾಡತಕ್ಕ ಸುಂಕವೆಂದು ಭಾವಿಸಬಾರದು. ಸ್ವಂತ ದೇಹವನ್ನು ದಂಡಿಸುವ ನಿರ್ಧಾರ ಆ ದೇಹಧಾರಿಗೆ ಸೇರಿದ್ದು. ಪರರ ದೇಹವನ್ನು ದಂಡಿಸುವುದಕ್ಕೆ ತಪಸ್ಸಿನ ಹೆಸರು ಸಲ್ಲದು.

ಕೋಟಿಗಳ ಆಟಗಾರನಿಗೆ ವೈದ್ಯರಿದ್ದಾರೆ, ಬೆಂಗಳೂರಿನಲ್ಲಿ ಕ್ರಿಕೆಟ್ ಮಂಡಳಿಯ ಪುನಶ್ಚೇತನ ಕೇಂದ್ರವಿದೆ, ಕೈಬಿಟ್ಟ ತಂಡದ ಬದಲಿಗೆ ಇನ್ನೊಂದು ತಂಡವಿದೆ. ಇದ್ಯಾವುದೂ ಇಲ್ಲದ ದೇಹಗಳು ನಮ್ಮ ಸಮೀಪದಲ್ಲಿಯೇ ಇವೆ. ಶ್ರವಣಬೆಳಗೊಳದ ವಿಂಧ್ಯಗಿರಿಯ ಆರುನೂರಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಹತ್ತಲಾರದ ವೃದ್ಧ ಯಾತ್ರಿಕರನ್ನು ಡೋಲಿಯಲ್ಲಿ ಹೊತ್ತೊಯ್ಯುವವರ ಮಂಡಿ ಮತ್ತು ಬೆನ್ನುಗಳಿಗೆ ಯಾರೂ ಹರಾಜು ಕೂಗುವುದಿಲ್ಲ. ನಮ್ಮ ಬಸದಿಗಳ ಅಡುಗೆಶಾಲೆಯಲ್ಲಿ ಬೆಳಗಿನಿಂದ ದೊಡ್ಡ ಪಾತ್ರೆಗಳನ್ನು ಎತ್ತಿಳಿಸುವವರು, ಜೀರ್ಣೋದ್ಧಾರದ ಕಲ್ಲು ಹೊರುವವರು, ರಾತ್ರಿ ಕಾವಲು ನಿಲ್ಲುವವರು ಸಹ ಬಹುಪಾಲು ವರ್ಷದಿಂದ ವರ್ಷಕ್ಕೆ ಮಾತಿನ ಒಪ್ಪಂದದ ಮೇಲೆಯೇ ದುಡಿಯುತ್ತಾರೆ. ಹತ್ತು ವರ್ಷ ದುಡಿದವನ ಸೊಂಟ ಹಿಡಿದುಕೊಂಡ ವರ್ಷ ಆಡಳಿತ ಮಂಡಳಿಯ ಸಭೆಯ ಮುಂದೆ ಬರುವ ಪ್ರಶ್ನೆ ಹರಾಜಿನ ಸಭಾಂಗಣದ ಪ್ರಶ್ನೆಯೇ ಆಗಿರುತ್ತದೆ. ಕೆಲಸ ನಿಲ್ಲಬಾರದು, ಟ್ರಸ್ಟಿನ ಹಣ ಸಮಾಜದ ಹಣ, ಅದನ್ನು ಪೋಲು ಮಾಡಲಾಗದು ಎಂಬ ಮಾತುಗಳೆಲ್ಲ ಸತ್ಯ. ಆ ಸೊಂಟ ಹಿಡಿದದ್ದು ಸಮಾಜದ ಪಾತ್ರೆಗಳನ್ನು ಎತ್ತಿಯೇ ಎಂಬುದೂ ಅಷ್ಟೇ ಸತ್ಯ.

ಕುಂಟಾದ ಪಶುಗಳಿಗೆ ಪಾಂಜರಪೋಳಗಳನ್ನು ಕಟ್ಟಿ ಮೇವು ನೀರು ಒದಗಿಸಿದ ಕೀರ್ತಿ ಜೈನ ಸಮಾಜಕ್ಕೆ ಸಲ್ಲುತ್ತದೆ. ದುಡಿಯಲಾಗದ ಜೀವಕ್ಕೂ ಇರಲು ಹಕ್ಕುಂಟೆಂದು ನಂಬಿದ ಸಮಾಜವಿದು. ಮನುಷ್ಯನ ವಿಷಯದಲ್ಲಿ ಅವನಿಗೆ ಬೇಕಾದದ್ದು ಮೇವಿನಂಥ ದಾನವಲ್ಲ. ಗೌರವದಿಂದ ಕೂಡಿದ ಹಗುರವಾದ ಕೆಲಸ, ಚಿಕಿತ್ಸೆಯ ಖರ್ಚು, ವಿಶ್ರಾಂತಿಯ ದಿನಗಳಿಗೂ ಸಲ್ಲುವ ಸಂಬಳ. ಇವುಗಳನ್ನು ಕೆಲಸಕ್ಕೆ ತೆಗೆದುಕೊಳ್ಳುವ ದಿನವೇ ಬರೆದಿಟ್ಟರೆ ಮುಂದೆ ಯಾರೂ ಯಾರ ಕರುಣೆಗೂ ಕೈಚಾಚಬೇಕಾಗುವುದಿಲ್ಲ. ನಿಜವಾಗಿಯೂ ಬಿಡಬೇಕಾದ ಸಂದರ್ಭ ಬಂದರೆ, ಮುಂಚಿತವಾಗಿ ತಿಳಿಸಿ, ಸಲ್ಲತಕ್ಕದ್ದನ್ನು ಸಲ್ಲಿಸಿ, ಕಾರಣವನ್ನು ಎದುರಿಗೆ ಕೂರಿಸಿಕೊಂಡು ಹೇಳಿ ಬೀಳ್ಕೊಡಬೇಕು.

ಆಟದ ಸುದ್ದಿಯನ್ನು ಓದುವಾಗ ‘ಅವರನ್ನು ಉಳಿಸಿಕೊಳ್ಳಬೇಕಿತ್ತು’, ‘ಬಿಡಬೇಕಿತ್ತು’ ಎಂದು ನಾವೆಲ್ಲರೂ ತೀರ್ಪು ಕೊಡುತ್ತೇವೆ. ಆ ತೀರ್ಪಿನಿಂದ ಯಾರಿಗೂ ಲಾಭವಿಲ್ಲ, ನಷ್ಟವೂ ಇಲ್ಲ. ಟ್ರಸ್ಟುಗಳ ಮುಂದಿನ ಸಭೆಯಲ್ಲಿ ನೌಕರರ ಪಟ್ಟಿ ನವೀಕರಣಕ್ಕೆ ಬಂದಾಗ, ಪ್ರತಿ ಹೆಸರಿನ ಮುಂದೆ ಸಂಬಳದ ಅಂಕಿಯ ಪಕ್ಕದಲ್ಲಿ ಆ ವ್ಯಕ್ತಿಯ ಆರೋಗ್ಯದ ಏರ್ಪಾಡೇನು ಎಂಬ ಒಂದು ಅಂಕಣವನ್ನು ಸೇರಿಸಿದರೆ, ಲಾಭ ಯಾರಿಗೆ ಆಗಬೇಕೋ ಅವರಿಗೆ ಆಗುತ್ತದೆ.